ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯೂ ಉಭಯ ಸರಕಾರಗಳ ತೆರಿಗೆಯೂ

(ದತ್ತಿ ಉಪನ್ಯಾಸ)



ದತ್ತಿ ಉಪನ್ಯಾಸವೆಂದರೆ ಶಾಸನವೋ ಶರಣರ ವಚನವೋ ಸುರಪುರದ ನಾಯಕರ ಇತಿಹಾಸವೋ ವಿಷಯವಾಗಿರತಕ್ಕದ್ದೆಂಬ ವಾಡಿಕೆ ಬೇರೂರಿರುವ ಈ ಯಾದಗಿರಿ ಪ್ರಾಂತದಲ್ಲಿ, ಬೇಳೆಯ ಮಿಲ್ಲೊಂದರ ತೆರಿಗೆಯ ಲೆಕ್ಕವನ್ನು ಹಿಡಿದು ವೇದಿಕೆಯನ್ನೇರುವವನಿಗೆ ಸ್ವಲ್ಪ ಸಂಕೋಚವಾಗುವುದು ಸಹಜ. ಆದರೂ, ಯಾದಗಿರಿಯ ಗಂಜಿನಲ್ಲಿ ತೊಗರಿ ಖರೀದಿಸಿ ಬೇಳೆ ಮಾಡುವವರು, ಶಹಾಪುರದ ಸುತ್ತ ಹತ್ತಿಯ ಜಿನ್ನಿಂಗ್ ನಡೆಸುವವರು, ನಾರಾಯಣಪುರ ಜಲಾಶಯದ ಕಾಲುವೆ ಹರಿದ ಮೇಲೆ ಭತ್ತದ ಬಯಲಾಗಿ ಮಾರ್ಪಟ್ಟ ಸುರಪುರ-ಹುಣಸಗಿ ಸೀಮೆಯಲ್ಲಿ ಅಕ್ಕಿ ಗಿರಣಿ ಹಾಕಿಕೊಂಡವರು, ತಂದೆ-ತಾತಂದಿರ ಕಾಲದ ಮನೆತನದ ವ್ಯಾಪಾರಕ್ಕೆ ಕಾನೂನಿನ ನೂತನ ಆಕಾರವನ್ನು ಕೊಡಲು ಮುಂದಾಗುವಾಗ, ಆ ಆಕಾರದೊಡನೆ ಬರುವ ಕರ್ತವ್ಯಗಳು ಆಡಿಟರಿಗೆ ಮಾತ್ರ ತಿಳಿದು, ಕಾಗದಕ್ಕೆ ಸಹಿ ಹಾಕುವ ಪಾಲುದಾರನಿಗೆ ತಿಳಿಯದೆ ಉಳಿಯುವುದು ಕ್ಷೇಮವಲ್ಲವೆಂಬ ಭಾವನೆಯಿಂದ ಈ ವಿಷಯವನ್ನು ಆರಿಸಿಕೊಂಡೆನು. ನಾನು ಪ್ರತಿಪಾದಿಸಬಯಸುವುದು ಒಂದೇ ಮಾತು: ಸೀಮಿತ ಹೊಣೆಗಾರಿಕೆಯು ರಾಜ್ಯಶಕ್ತಿಯು ವರ್ತಕನಿಗೆ ಕೊಟ್ಟ ಅಭಯ, ಆ ಅಭಯದ ಬೆಲೆ ಲೆಕ್ಕ, ಲೆಕ್ಕವನ್ನು ತಾನೇ ಅರಿಯದವನ ಪಾಲಿಗೆ ಅಭಯವೂ ಗಟ್ಟಿಯಾಗಿ ನಿಲ್ಲಲಾರದು.

1

ಎರಡು ಪ್ರಭುತ್ವಗಳಿಗೆ ಏಕಕಾಲದಲ್ಲಿ ಲೆಕ್ಕ ಒಪ್ಪಿಸುವುದು ಈ ನಾಡಿಗೆ ಹೊಸತೇನೂ ಅಲ್ಲ. ಸುರಪುರದ ನಾಯಕ ಅರಸರು ತಮ್ಮ ಪ್ರಜೆಗಳಿಂದ ಕಂದಾಯವನ್ನೆತ್ತುತ್ತ, ಹೈದರಾಬಾದಿಗೆ ಪೇಷ್ಕಷ್ ಎಂಬ ಕಪ್ಪವನ್ನು ತೆರುತ್ತಿದ್ದರು. ರಾಜಾ ವೆಂಕಟಪ್ಪ ನಾಯಕನ ಬಾಲ್ಯದಲ್ಲಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು 1853ರಲ್ಲಿ ಇಲ್ಲಿಂದ ತೆರಳಿದನು; ಅದೇ ವೆಂಕಟಪ್ಪ ನಾಯಕನ 1858ರ ದಂಗೆಯು ಮುರಿದುಬಿದ್ದ ಬಳಿಕ ಸಂಸ್ಥಾನವು ಇಂಗ್ಲಿಷರ ವಶವಾಗಿ, 1860ರಲ್ಲಿ ನಿಜಾಮರ ರಾಜ್ಯದಲ್ಲಿ ಲೀನವಾಯಿತು. ಅಂದಿನಿಂದ ಸುರಪುರದಿಂದ ತಾಳಿಕೋಟೆಯ ಸಂತೆಗೆ ಹೊರಟ ಬಂಡಿಯು, ಎರಡೂ ಕಡೆ ಕನ್ನಡವನ್ನೇ ಆಡುವ ಊರುಗಳ ನಡುವೆ, ನಿಜಾಮರ ಸೀಮೆಯನ್ನು ದಾಟಿ ಮುಂಬಯಿ ಆಧಿಪತ್ಯದ ಸೀಮೆಯನ್ನು ಹೊಗಬೇಕಾಗಿತ್ತು. ನಿಜಾಮರ ಸರಕಾರಕ್ಕೆ ಸ್ವಂತ ನಾಣ್ಯವಿತ್ತು, ಗಡಿಯ ಸುಂಕವನ್ನು ವಸೂಲು ಮಾಡಲು ಕರೋಡಗಿರಿಯೆಂಬ ಸ್ವಂತ ಇಲಾಖೆಯಿತ್ತು. ಆ ಆಳ್ವಿಕೆಯ ಕೊನೆಗಾಲದಲ್ಲಿ, ಫಸಲಿ ಶಕೆಯ 1357ನೆಯ ವರ್ಷದಲ್ಲಿ, ಹೈದರಾಬಾದ್ ರಾಜ್ಯದ್ದೇ ಆದ ಆದಾಯ ತೆರಿಗೆ ಕಾಯಿದೆಯೂ ಹುಟ್ಟಿತು.

1950ನೆಯ ಇಸವಿಯು ಈ ಕಥೆಯ ಸಂಧಿಕಾಲ. ಆ ವರ್ಷ ಭಾರತದ ಆದಾಯ ತೆರಿಗೆಯು ಹೈದರಾಬಾದಿಗೂ ವ್ಯಾಪಿಸಿತು. ಅದೇ ವರ್ಷ ಹೈದರಾಬಾದ್ ಸಾಮಾನ್ಯ ಮಾರಾಟ ತೆರಿಗೆ ಕಾಯಿದೆಯೂ ಬಂದಿತು. ಒಂದು ಕೇಂದ್ರದ್ದು, ಇನ್ನೊಂದು ರಾಜ್ಯದ್ದು. ಇಂದಿನ ವರ್ತಕನು ಕಾಣುವ ಇಮ್ಮುಖದ ವ್ಯವಸ್ಥೆಯ ಅಸ್ತಿಭಾರ ಅಂದೇ ಬಿದ್ದಿತೆನ್ನಬಹುದು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯದಲ್ಲಿ ಸೇರಿದೆವು. 1957ರ ಮಾರಾಟ ತೆರಿಗೆ, 2005ರ ಏಪ್ರಿಲ್‌ನಿಂದ ಮೌಲ್ಯವರ್ಧಿತ ತೆರಿಗೆ, 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ, ಹೀಗೆ ಅಂಗಿ ಬದಲಾದರೂ, ಗಳಿಕೆಯ ಮೇಲೆ ಕೇಂದ್ರ, ಮಾರಾಟದ ಮೇಲೆ ರಾಜ್ಯ ಎಂಬ ಮೂಲ ವಿಭಾಗವು 2017ರವರೆಗೂ ಬಹುಮಟ್ಟಿಗೆ ಉಳಿದುಬಂದಿತು.

2

ಈಗ ಆಕಾರದ ವಿಚಾರ. 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ ನಡೆಯುವ ಸಾಮಾನ್ಯ ಫರ್ಮಿನಲ್ಲಿ, ಅಂಗಡಿಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನ ಮನೆ, ಹೊಲ, ಹೆಂಡತಿಯ ಹೆಸರಿಗೆ ಮಾಡದೆ ಬಿಟ್ಟ ಪ್ಲಾಟು ಎಲ್ಲವೂ ಗುರಿ. ಇದನ್ನು ನಿವಾರಿಸಲು ಖಾಸಗಿ ಕಂಪನಿಯೊಂದೇ ದಾರಿಯಾಗಿದ್ದ ಕಾಲದಲ್ಲಿ, ಅದರ ಸಭೆ, ನಡವಳಿ, ದಾಖಲೆಗಳ ಭಾರವನ್ನು ಹೊರಲಾರದ ಸಣ್ಣ ವರ್ತಕರಿಗಾಗಿ 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಕಾಯಿದೆಯು ಒಂದು ಮಧ್ಯಮ ಮಾರ್ಗವನ್ನು ತೆರೆಯಿತು. ಜನರ ಬಾಯಲ್ಲಿ ಇದು ಎಲ್‌ಎಲ್‌ಪಿ. ಇದಕ್ಕೆ ಕನಿಷ್ಠ ಇಬ್ಬರು ಪಾಲುದಾರರು ಬೇಕು. ನಿಯುಕ್ತ ಪಾಲುದಾರರೆಂದು ಇಬ್ಬರನ್ನು ಹೆಸರಿಸಬೇಕು. ಅವರಲ್ಲಿ ಒಬ್ಬನಾದರೂ ಭಾರತದ ನಿವಾಸಿಯಾಗಿರಬೇಕು. ಸಂಸ್ಥೆಯು ಪಾಲುದಾರರಿಂದ ಬೇರೆಯಾದ ಒಬ್ಬ ಕಾನೂನು-ವ್ಯಕ್ತಿ. ಪಾಲುದಾರನು ಗತಿಸಿದರೂ ಅದು ಗತಿಸದು.

ಈ ಅಭಯಕ್ಕೆ ಪ್ರತಿಯಾಗಿ ವರ್ಷಕ್ಕೆ ಎರಡು ಪತ್ರಗಳನ್ನು ಸಲ್ಲಿಸತಕ್ಕದ್ದು: ಮೇ 30ರೊಳಗೆ ನಮೂನೆ 11ರ ವಾರ್ಷಿಕ ವಿವರ, ಅಕ್ಟೋಬರ್ 30ರೊಳಗೆ ನಮೂನೆ 8ರ ಲೆಕ್ಕಪತ್ರ ಮತ್ತು ಸಾಲ ತೀರಿಸುವ ಸಾಮರ್ಥ್ಯದ ಹೇಳಿಕೆ. ವ್ಯಾಪಾರವೇ ನಡೆಯದ ವರ್ಷದಲ್ಲಿಯೂ ಈ ಕರ್ತವ್ಯ ತಪ್ಪುವುದಿಲ್ಲ. ಮಿಲ್ಲಿಗೆ ಬೀಗ ಹಾಕಿದವನು ಕಾಗದಕ್ಕೂ ಬೀಗ ಹಾಕಿದೆನೆಂದು ತಿಳಿದರೆ, ವಿಳಂಬದ ಶುಲ್ಕವು ಬೀಗದ ಹೊರಗೆ ಬೆಳೆಯುತ್ತಲೇ ಹೋಗುವುದು. ಬಂಡವಾಳ 25 ಲಕ್ಷವನ್ನೂ ವಹಿವಾಟು 40 ಲಕ್ಷವನ್ನೂ ಮೀರದಿದ್ದರೆ ಈ ಕಾಯಿದೆಯ ಲೆಕ್ಕಪರಿಶೋಧನೆಯಿಂದ ವಿನಾಯಿತಿಯುಂಟು.

ಇಂತಹ ಸಂಸ್ಥೆಯು ತೆರುವ ತೆರಿಗೆಗಳನ್ನು ಕಾಯಿದೆಗಳ ಹೆಸರಿನಿಂದ ನೆನಪಿಡಹೊರಟರೆ ಬುದ್ಧಿ ದಣಿಯುವುದು. ವರ್ತಕನು ಮಾಡುವ ನಾಲ್ಕು ಕೆಲಸಗಳಿಂದ ಅವನ್ನು ಗುರುತಿಸುವುದು ಸುಲಭ: ಆತನು ಗಳಿಸುತ್ತಾನೆ, ಮಾರುತ್ತಾನೆ, ಜನರನ್ನು ದುಡಿಸಿಕೊಳ್ಳುತ್ತಾನೆ, ಒಂದು ನೆಲದ ಮೇಲೆ ನಿಂತಿರುತ್ತಾನೆ. ಗಳಿಕೆಯ ಮೇಲಣ ಅಧಿಕಾರ ಕೇಂದ್ರದ್ದು. ಮಾರಾಟದ ಮೇಲಣ ಅಧಿಕಾರ ಇಂದು ಉಭಯರದ್ದು. ದುಡಿಮೆಯ ಮೇಲಣದು ರಾಜ್ಯದ್ದು. ನೆಲದ ಮೇಲಣದು ರಾಜ್ಯದ ಕಾಯಿದೆಯ ಆಶ್ರಯದಲ್ಲಿ ನಗರಸಭೆಯದು. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಲಾಗದೆಂದು ಸಂವಿಧಾನದ 265ನೆಯ ವಿಧಿಯು ಹೇಳುವುದರಿಂದ, ಯಾರು ಹಣ ಕೇಳಿದರೂ ಯಾವ ಕೆಲಸಕ್ಕಾಗಿ, ಯಾವ ಕಾಯಿದೆಯಿಂದ ಎಂದು ವಿನಯದಿಂದ ವಿಚಾರಿಸುವುದು ನಾಗರಿಕನ ಹಕ್ಕು.

3

ಮೊದಲನೆಯದು ಗಳಿಕೆ. 1961ರ ಆದಾಯ ತೆರಿಗೆ ಕಾಯಿದೆಯ ಸ್ಥಾನವನ್ನು 2025ರ ನೂತನ ಕಾಯಿದೆಯು 2026ರ ಏಪ್ರಿಲ್ 1ರಿಂದ ವಹಿಸಿಕೊಂಡು, ಹಿಂದಿನ ವರ್ಷ, ನಿರ್ಧರಣೆಯ ವರ್ಷ ಎಂಬ ಎರಡು ವರ್ಷಗಳ ಗೊಂದಲವನ್ನು ತೆಗೆದು, ತೆರಿಗೆ ವರ್ಷವೆಂಬ ಒಂದನ್ನೇ ಉಳಿಸಿದೆ. ಸೆಕ್ಷನ್‌ಗಳ ಸಂಖ್ಯೆ ಬದಲಾದರೂ ತತ್ತ್ವವು ಬದಲಾಗಿಲ್ಲ. ಎಲ್‌ಎಲ್‌ಪಿಯನ್ನು ಈ ಕಾಯಿದೆಯು ಫರ್ಮಿನಂತೆಯೇ ನೋಡುತ್ತದೆ: ಲಾಭದ ಮೊದಲ ರೂಪಾಯಿಯಿಂದಲೇ ನೂರಕ್ಕೆ 30, ಅದರ ಮೇಲೆ ನೂರಕ್ಕೆ 4ರ ಸೆಸ್, ಆದಾಯ ಒಂದು ಕೋಟಿಯನ್ನು ಮೀರಿದರೆ ತೆರಿಗೆಯ ಮೇಲೆ ನೂರಕ್ಕೆ 12ರ ಸರ್‌ಚಾರ್ಜ್. ವ್ಯಕ್ತಿಗೆ ಇರುವಂತಹ ಮೆಟ್ಟಿಲುಗಳ ರಿಯಾಯಿತಿ ಇದಕ್ಕಿಲ್ಲ. ಸಣ್ಣ ವರ್ತಕರೂ ಸಾಮಾನ್ಯ ಫರ್ಮುಗಳೂ ವಹಿವಾಟಿನ ಮೇಲೆ ಅಂದಾಜು ಲಾಭವನ್ನು ತೋರಿಸಿ ಮುಗಿಸುವ ಸುಲಭ ಪದ್ಧತಿಯೂ ಎಲ್‌ಎಲ್‌ಪಿಗೆ ಮುಚ್ಚಿದ ಬಾಗಿಲು.

ಇಷ್ಟನ್ನು ಕೇಳಿ ಎದೆಗುಂದುವವರು ಮುಂದಿನದನ್ನೂ ಕೇಳಬೇಕು. ಯಾದಗಿರಿಯಲ್ಲಿ ಮೂವರು ಬಂಧುಗಳು ಸೇರಿ, ಮೂವರೂ ಸ್ವತಃ ದುಡಿಯುತ್ತ, ಎಲ್‌ಎಲ್‌ಪಿಯ ರೂಪದಲ್ಲಿ ಬೇಳೆಯ ಮಿಲ್ಲನ್ನು ನಡೆಸುವರೆಂದೂ, ಪಾಲುದಾರರ ಬಂಡವಾಳದ ಮೇಲೆ ನೂರಕ್ಕೆ 12ನ್ನು ಮೀರದ ಬಡ್ಡಿಯನ್ನು ಕಳೆದ ಮೇಲೆ ವರ್ಷದ ಲಾಭವು 20 ಲಕ್ಷವೆಂದೂ ಕಲ್ಪಿಸಿಕೊಳ್ಳೋಣ. ಪಾಲುದಾರರ ವೇತನದ ಮಾತು ಒಪ್ಪಂದಪತ್ರದಲ್ಲಿ ಇಲ್ಲದಿದ್ದರೆ, ಈ 20 ಲಕ್ಷದ ಮೇಲೆ 6 ಲಕ್ಷ ತೆರಿಗೆ, 24,000 ಸೆಸ್, ಒಟ್ಟು 6,24,000 ರೂಪಾಯಿ. ಒಪ್ಪಂದಪತ್ರವು ವೇತನವನ್ನು ಅಧಿಕೃತಗೊಳಿಸಿ ಅದರ ಪ್ರಮಾಣವನ್ನೂ ನಿಗದಿಮಾಡಿದ್ದರೆ, ಲಾಭದ ಮೊದಲ 6 ಲಕ್ಷದಲ್ಲಿ ನೂರಕ್ಕೆ 90 ಅಥವಾ 3 ಲಕ್ಷ, ಇವುಗಳಲ್ಲಿ ಹೆಚ್ಚಿನದೂ, ಉಳಿದುದರಲ್ಲಿ ನೂರಕ್ಕೆ 60ರವರೆಗೂ ವೇತನವನ್ನು ಖರ್ಚೆಂದು ಕಾಯಿದೆಯು ಒಪ್ಪುತ್ತದೆ: ಮೊದಲ ಭಾಗದಿಂದ 5,40,000, ಉಳಿದ 14 ಲಕ್ಷದಿಂದ 8,40,000, ಒಟ್ಟು 13,80,000. ತೆರಿಗೆಗೆ ಉಳಿಯುವುದು 6,20,000. ಸೆಸ್ ಸೇರಿ ತೆರಿಗೆ 1,93,440 ರೂಪಾಯಿ. ಒಪ್ಪಂದಪತ್ರದ ಒಂದು ಕಲಮಿನ ಬೆಲೆ 4,30,560 ರೂಪಾಯಿ!

ವೇತನವನ್ನು ಪಡೆದ ಮೂವರಿಗೂ ತಲಾ 4,60,000 ರೂಪಾಯಿ ಬರುವುದಷ್ಟೆ. ಅದು ಅವರವರ ಕೈಯಲ್ಲಿ ಆದಾಯವೇ ಆದರೂ, ನೂತನ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯವುಳ್ಳ ವ್ಯಕ್ತಿಗೆ ರಿಯಾಯಿತಿಯಿಂದ ತೆರಿಗೆಯು ಶೂನ್ಯವಾಗುವ ಕಾರಣ, ಬೇರೆ ದೊಡ್ಡ ಆದಾಯವಿಲ್ಲದವರಿಗೆ ಹೊರೆ ಬೀಳದು. ಆದರೆ 2025ರ ಏಪ್ರಿಲ್ 1ರಿಂದ, ವರ್ಷಕ್ಕೆ 20,000 ಮೀರಿದ ಇಂತಹ ವೇತನ-ಬಡ್ಡಿಗಳಿಂದ ಸಂಸ್ಥೆಯು ನೂರಕ್ಕೆ 10ನ್ನು ಮೂಲದಲ್ಲಿಯೇ ಕಡಿತಮಾಡಿ ಕಟ್ಟಬೇಕು. ಪಾಲುದಾರನು ಅದನ್ನು ಮರಳಿ ಪಡೆಯಬೇಕಾದರೆ ತನ್ನ ರಿಟರ್ನನ್ನು ತಾನು ಸಲ್ಲಿಸಲೇಬೇಕು. ತೆರಿಗೆ ತೆತ್ತು ಉಳಿದ ಲಾಭವನ್ನು ಹಂಚಿಕೊಂಡಾಗ ಅದರ ಮೇಲೆ ಮತ್ತೆ ತೆರಿಗೆಯಿಲ್ಲ. ಖಾಸಗಿ ಕಂಪನಿಯಲ್ಲಿಯಾದರೋ, ರಿಯಾಯಿತಿಗಳನ್ನು ಬಿಟ್ಟುಕೊಟ್ಟವರಿಗೆ ಎಲ್ಲ ಸೇರಿ ದರವು ನೂರಕ್ಕೆ 25ರ ಆಸುಪಾಸಿಗೆ ಇಳಿದರೂ, ಡಿವಿಡೆಂಡು ಪಡೆದವನು ಪುನಃ ತೆರಿಗೆಗೆ ಗುರಿಯಾಗುವನು. ಆದುದರಿಂದ ಲಾಭವನ್ನು ಮಿಲ್ಲಿನಲ್ಲಿಯೇ ತೊಡಗಿಸಿ ಬೆಳೆಯಬೇಕೆನ್ನುವವನಿಗೂ, ವರ್ಷವರ್ಷವೂ ಮನೆಗೊಯ್ಯಬೇಕೆನ್ನುವವನಿಗೂ ಒಂದೇ ಆಕಾರವು ಒಪ್ಪಲಾರದು.

ಗಂಜಿನ ವ್ಯಾಪಾರಿಗೆ ಸಂಬಂಧಿಸಿದ ಇನ್ನೆರಡು ಮಾತು. ಒಬ್ಬನಿಗೆ ಒಂದೇ ದಿನ 10,000ಕ್ಕೆ ಮೀರಿ ನಗದು ಕೊಟ್ಟರೆ ಆ ಖರ್ಚು ಲೆಕ್ಕದಿಂದ ಬಿದ್ದುಹೋಗುವುದು. ಆದರೆ ಕೃಷಿಯ ಉತ್ಪನ್ನಕ್ಕಾಗಿ ಬೆಳೆದ ರೈತನಿಗೇ ಕೊಟ್ಟ ನಗದಿಗೆ ನಿಯಮವು ವಿನಾಯಿತಿಯನ್ನಿಟ್ಟಿದೆ. ಅದೇ ಮಾಲನ್ನು ಮತ್ತೊಬ್ಬ ವ್ಯಾಪಾರಿಯಿಂದ ಕೊಂಡಾಗ ಆ ರಕ್ಷಣೆಯಿಲ್ಲ. ಆದಕಾರಣ ಅಡತ್ ಅಂಗಡಿಯ ಲೆಕ್ಕದ ಚೀಟಿಯಲ್ಲಿ ರೈತನ ಹೆಸರೂ ಊರೂ ಸ್ಪಷ್ಟವಾಗಿರತಕ್ಕದ್ದು. ಎರಡನೆಯದು, ಹೊಲದ ಆದಾಯ. ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನವು ರಾಜ್ಯಕ್ಕೆ ಬಿಟ್ಟಿರುವುದರಿಂದ ಕೇಂದ್ರದ ತೆರಿಗೆ ಅದಕ್ಕಿಲ್ಲ. ಆದರೆ ಪಾಲುದಾರನ ಸ್ವಂತ ಹೊಲದ ತೊಗರಿಯು ಮಿಲ್ಲಿನಲ್ಲಿ ಬೇಳೆಯಾದಾಗ ಹುಟ್ಟುವ ಲಾಭವು ಮಿಲ್ಲಿನದೇ ಹೊರತು ಹೊಲದ್ದಲ್ಲ. ಎರಡನ್ನೂ ಒಂದೇ ಖಾತೆಯಲ್ಲಿ ಬೆರೆಸುವುದು ವ್ಯಾಜ್ಯವನ್ನು ಬಿತ್ತುವುದೇ ಸರಿ.

4

ಎರಡನೆಯದು ಮಾರಾಟ. 2016ರ 101ನೆಯ ಸಂವಿಧಾನ ತಿದ್ದುಪಡಿಯಿಂದ ಕೇಂದ್ರ ಮತ್ತು ರಾಜ್ಯ ಎರಡೂ ಒಂದೇ ವಹಿವಾಟಿನ ಮೇಲೆ ಏಕಕಾಲದಲ್ಲಿ ತೆರಿಗೆ ಹಾಕುವ ಅಧಿಕಾರವನ್ನು ಪಡೆದವು. ಯಾದಗಿರಿಯ ಮಾಲು ಶಹಾಪುರಕ್ಕೆ ಹೋದರೆ ತೆರಿಗೆಯ ಅರ್ಧ ಕೇಂದ್ರಕ್ಕೆ, ಅರ್ಧ ಕರ್ನಾಟಕಕ್ಕೆ. ಅದೇ ಮಾಲು ಗಡಿಯಾಚೆಯ ನಾರಾಯಣಪೇಟೆಗೋ ಹೈದರಾಬಾದಿಗೋ ಹೋದರೆ ಸಮಗ್ರ ಜಿಎಸ್‌ಟಿಯೆಂದು ಒಟ್ಟಾಗಿ ವಸೂಲಾಗಿ, ರಾಜ್ಯದ ಪಾಲು ತೆಲಂಗಾಣಕ್ಕೆ ಸಲ್ಲುವುದು. ಏಕೆಂದರೆ ಇದು ಮಾಲು ಹುಟ್ಟಿದ ನೆಲವನ್ನಲ್ಲ, ಬಳಕೆಯಾಗುವ ನೆಲವನ್ನು ಅನುಸರಿಸುವ ತೆರಿಗೆ. ನೋಂದಣಿಯ 15 ಅಕ್ಷರಾಂಕಗಳನ್ನು ಬಿಡಿಸಿ ಓದಿದರೆ ಈ ವ್ಯವಸ್ಥೆಯೆಲ್ಲ ಅಲ್ಲಿಯೇ ಕಾಣುವುದು: ಮೊದಲ ಎರಡಂಕಿ ರಾಜ್ಯದ ಗುರುತು, ಕರ್ನಾಟಕಕ್ಕೆ 29, ತೆಲಂಗಾಣಕ್ಕೆ 36, ಮುಂದಿನ ಹತ್ತು ಆದಾಯ ತೆರಿಗೆಯ ಪ್ಯಾನ್. ರಾಜ್ಯದ ತೆರಿಗೆಯ ಸಂಖ್ಯೆಯೊಳಗೆ ಕೇಂದ್ರದ ತೆರಿಗೆಯ ಸಂಖ್ಯೆ ಕುಳಿತಿದೆ. ಒಬ್ಬರಿಗೆ ತೋರಿಸಿದ ವಹಿವಾಟನ್ನು ಇನ್ನೊಬ್ಬರಿಗೆ ಮರೆಮಾಚುವ ಕಾಲ ಮುಗಿಯಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ದರಗಳನ್ನು ಶಿಫಾರಸು ಮಾಡುವುದು ಜಿಎಸ್‌ಟಿ ಪರಿಷತ್ತು. ಅಲ್ಲಿ ಮತದ ತೂಕದಲ್ಲಿ ಮೂರನೆಯ ಒಂದು ಪಾಲು ಕೇಂದ್ರದ್ದು, ಎರಡು ಪಾಲು ರಾಜ್ಯಗಳದ್ದು, ನಿರ್ಣಯಕ್ಕೆ ನಾಲ್ಕನೆಯ ಮೂರು ಪಾಲು ಬೇಕು.

ಸರಕಿನ ವ್ಯಾಪಾರದಲ್ಲಿ ವರ್ಷದ ಒಟ್ಟು ವಹಿವಾಟು 40 ಲಕ್ಷವನ್ನೂ, ಸೇವೆಯಲ್ಲಿ 20 ಲಕ್ಷವನ್ನೂ ಮೀರಿದರೆ ನೋಂದಣಿ ಕಡ್ಡಾಯ. ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವನಿಗೆ ನೋಂದಣಿ ಬೇಡ. ಆದರೆ ತೆರಿಗೆಯುಳ್ಳ ಸರಕನ್ನೂ ಜೊತೆಗೆ ಮಾರುವವನ ಒಟ್ಟು ವಹಿವಾಟಿನಲ್ಲಿ ತೆರಿಗೆಯಿಲ್ಲದ ಮಾರಾಟವೂ ಎಣಿಕೆಗೆ ಬರುವುದು. 2025ರ ಜುಲೈನಲ್ಲಿ ಯುಪಿಐ ಜಮೆಗಳ ಆಧಾರದಿಂದ ರಾಜ್ಯದ ಸಣ್ಣ ಅಂಗಡಿಕಾರರಿಗೆ ನೋಟೀಸುಗಳು ಹೋದಾಗ ಎದ್ದ ಗದ್ದಲದ ಮೂಲದಲ್ಲಿದ್ದುದು ಈ ಎಣಿಕೆಯ ಪ್ರಶ್ನೆಯೇ.

ಬೇಳೆಯ ಚೀಲವು ಈ ತೆರಿಗೆಯ ಸೂಕ್ಷ್ಮವನ್ನು ಚೆನ್ನಾಗಿ ತೋರಿಸುತ್ತದೆ. 2022ರ ಜುಲೈ 18ರಿಂದ, ಮುಂಚಿತವಾಗಿ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಬೇಳೆ ಅಕ್ಕಿಗಳು 25 ಕಿಲೋದವರೆಗೆ ನೂರಕ್ಕೆ 5ರ ತೆರಿಗೆಗೆ ಒಳಪಟ್ಟವು; ಅದಕ್ಕಿಂತ ದೊಡ್ಡ ಚೀಲಕ್ಕೆ ತೆರಿಗೆಯಿಲ್ಲ. ಅಂದಿನಿಂದ ಅಕ್ಕಿಯ ಪೇಟೆಯಲ್ಲಿ 26 ಕಿಲೋದ ಚೀಲವೆಂಬ ಹೊಸ ಅಳತೆಯೇ ಅವತರಿಸಿತು! ತೊಗರಿಯ ಹೊಟ್ಟು, ಚುನ್ನಿಗಳು 2023ರ ಜನವರಿ 1ರಿಂದ ತೆರಿಗೆಮುಕ್ತವಾದವು. ಇವನ್ನೆಲ್ಲ ಕೇಳಿ, ತೆರಿಗೆಯಿಲ್ಲದ ಸರಕನ್ನೇ ಮಾರುವುದು ಪರಮಸುಖವೆಂದು ಭಾವಿಸುವವರು ಎರಡು ಲಕ್ಷ ರೂಪಾಯಿಯ ವಿದ್ಯುತ್ ಮೋಟಾರನ್ನು ನೆನೆಯಬೇಕು. ಅದರ ಮೇಲೆ ನೂರಕ್ಕೆ 18ರಂತೆ 36,000 ರೂಪಾಯಿ ತೆರಿಗೆ ತೆತ್ತಿರುತ್ತೀರಿ. ನಿಮ್ಮ ಬೇಳೆಗೆ ತೆರಿಗೆಯಿದ್ದರೆ ಆ ಹಣವನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಬೇಳೆಗೆ ವಿನಾಯಿತಿಯಿದ್ದರೆ ಅದು ಮರಳಿ ಬಾರದೆ ಬೇಳೆಯ ಬೆಲೆಯಲ್ಲಿ ಅಡಗುವುದು. ವಿನಾಯಿತಿಯಿಂದ ತೆರಿಗೆಯು ಕಣ್ಣಿಗೆ ಮರೆಯಾಗುವುದೇ ವಿನಾ ಪೂರ್ತಿಯಾಗಿ ಇಲ್ಲವಾಗುವುದಿಲ್ಲ.

ಹತ್ತಿಯ ರೀತಿಯೇ ಬೇರೆ. ರೈತನು ನೋಂದಣಿ ಮಾಡಿಸಬೇಕಾದವನಲ್ಲ. ಆದುದರಿಂದ 2017ರ ನವೆಂಬರ್ 15ರಿಂದ, ರೈತನಿಂದ ಹತ್ತಿ ಕೊಂಡ ನೋಂದಾಯಿತ ಜಿನ್ನಿನವರೇ, ಮಾರಿದವನ ಬದಲಿಗೆ, ನೂರಕ್ಕೆ 5ನ್ನು ಕಟ್ಟತಕ್ಕದ್ದೆಂಬ ವಿಲೋಮ ಪದ್ಧತಿ ಬಂದಿತು. ಇದನ್ನು ಹಳೆಯ ಜಮೆಯಿಂದ ಮುರಿಯುವಂತಿಲ್ಲ, ನಗದಾಗಿಯೇ ಕಟ್ಟಬೇಕು. ಕಟ್ಟಿದ ಮೇಲೆ ಅರಳೆ ಮಾರಿದಾಗ ಮುರಿದುಕೊಳ್ಳಬಹುದು. ಕೊನೆಗೆ ಹೊರೆಯಿಲ್ಲದಿದ್ದರೂ, ಸುಗ್ಗಿಯಲ್ಲಿ ದಿನದಿನವೂ ಖರೀದಿ ನಡೆಯುವಾಗ ಬಂಡವಾಳದ ಒಂದು ಭಾಗವು ಸರಕಾರದ ಖಾತೆಯಲ್ಲಿ ಸಿಲುಕಿಕೊಂಡಿರುವುದೆಂಬುದನ್ನು ಬ್ಯಾಂಕಿನ ಸಾಲ ಕೇಳುವಾಗಲೇ ಎಣಿಸಿಕೊಳ್ಳಬೇಕು.

5

ಉಳಿದ ಎರಡನ್ನು ಸಂಕ್ಷೇಪವಾಗಿ ಹೇಳುವೆನು. ದುಡಿಮೆಯ ಮೇಲಣ ವೃತ್ತಿ ತೆರಿಗೆಯು 1976ರ ಕರ್ನಾಟಕ ಕಾಯಿದೆಯದು. ಸಂವಿಧಾನದ 276ನೆಯ ವಿಧಿಯು ಅದಕ್ಕೆ ವರ್ಷಕ್ಕೆ 2,500 ರೂಪಾಯಿಯ ಮಿತಿಯನ್ನು ಹಾಕಿದೆ. ತಿಂಗಳಿಗೆ 25,000 ಅಥವಾ ಹೆಚ್ಚು ಸಂಬಳದ ನೌಕರನಿಂದ ತಿಂಗಳಿಗೆ 200, ಫೆಬ್ರವರಿಯಲ್ಲಿ 300 ರೂಪಾಯಿ ಹಿಡಿದು ಸಂಸ್ಥೆಯು ಕಟ್ಟಬೇಕು. ಹಿಡಿಯಲು ಮರೆತರೆ ಕೈಯಿಂದ ಕಟ್ಟಬೇಕು. ನೆಲದ ವಿಚಾರದಲ್ಲಿ ಯಾದಗಿರಿ, ಶಹಾಪುರ, ಸುರಪುರಗಳ ನಗರಸಭೆಗಳು 1964ರ ಪೌರಸಭೆಗಳ ಕಾಯಿದೆಯ ಮೇರೆಗೆ ಆಸ್ತಿ ತೆರಿಗೆಯನ್ನು ಪಡೆಯುತ್ತವೆ. ಜೆಸ್ಕಾಂ ಬಿಲ್ಲಿನಲ್ಲಿ ಒಂದು ಸಾಲಾಗಿ ಬರುವ ವಿದ್ಯುತ್ ತೆರಿಗೆ, ಲಾರಿಯ ವಾಹನ ತೆರಿಗೆ, ಡೀಸೆಲಿನ ಮಾರಾಟ ತೆರಿಗೆ ಇವು ಜಿಎಸ್‌ಟಿಯ ಹೊರಗೆ ರಾಜ್ಯದ ಕೈಯಲ್ಲಿಯೇ ಉಳಿದವು. ಇವುಗಳಿಗೆ ಮುರಿದುಕೊಳ್ಳುವ ಸೌಲಭ್ಯವಿಲ್ಲ.

ಕೃಷಿ ಮಾರುಕಟ್ಟೆ ಸಮಿತಿಯು ವಸೂಲು ಮಾಡುವುದು ತೆರಿಗೆಯಲ್ಲ, ಶುಲ್ಕ. ಈ ಭೇದವನ್ನು ಸ್ಫುಟವಾಗಿ ನಿರೂಪಿಸಿದ 1954ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ನಮ್ಮ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿಯೇ ಹುಟ್ಟಿತೆಂಬುದು ಸ್ಮರಣೀಯ: ತೆರಿಗೆಯು ಸಾರ್ವಜನಿಕ ವೆಚ್ಚಕ್ಕೆ ಎಲ್ಲರಿಂದ ಪಡೆಯುವುದು, ಶುಲ್ಕವು ಒಂದು ಸೇವೆಗೆ ಪ್ರತಿಯಾಗಿ ಪಡೆಯುವುದು. ಹಾಗೆಂದ ಮೇಲೆ ಮಾರುಕಟ್ಟೆಯ ಪ್ರಾಂಗಣದಲ್ಲಿ ನೆರಳು, ನೀರು, ತೂಕದ ಸೇತುವೆಗಳನ್ನು ಕೇಳುವ ಅಧಿಕಾರ ಶುಲ್ಕ ತೆತ್ತವನಿಗೆ ಇದೆ. ಇನ್ನು ಸಂವಿಧಾನದ 371ಜೆ ವಿಧಿಯು ನಮ್ಮ ಕಲ್ಯಾಣ ಕರ್ನಾಟಕಕ್ಕೆ ಶಿಕ್ಷಣ, ಉದ್ಯೋಗ, ಅಭಿವೃದ್ಧಿ ಮಂಡಳಿಗಳ ವಿಶೇಷ ಸ್ಥಾನವನ್ನು ಕೊಟ್ಟಿದೆಯೇ ಹೊರತು ವರ್ತಕನ ತೆರಿಗೆಗೆ ವಿನಾಯಿತಿಯನ್ನು ಕೊಟ್ಟಿಲ್ಲ.

6

ಕಡೆಗೆ ಮೊದಲ ಪ್ರತಿಜ್ಞೆಗೆ ಬರುತ್ತೇನೆ. ಬ್ಯಾಂಕಿನ ಮುಂದೆ, ಮಾಲು ಕೊಟ್ಟವರ ಮುಂದೆ ಸೀಮಿತವಾದ ಹೊಣೆಯು ತೆರಿಗೆಯ ಅಧಿಕಾರಿಯ ಮುಂದೆ ಹಾಗೆಯೇ ನಿಲ್ಲುವುದೇ? ಬಹುಜನರು ನಿಲ್ಲುವುದೆಂದು ನಂಬಿದ್ದಾರೆ, ಕಾನೂನು ಹಾಗೆನ್ನುವುದಿಲ್ಲ. ಎಲ್‌ಎಲ್‌ಪಿಯಿಂದ ವಸೂಲಾಗದ ಆದಾಯ ತೆರಿಗೆಗೆ, ಆ ತೆರಿಗೆಗೆ ಸಂಬಂಧಿಸಿದ ವರ್ಷದಲ್ಲಿ ಪಾಲುದಾರನಾಗಿದ್ದ ಪ್ರತಿಯೊಬ್ಬನೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆಗಾರನು. ವಸೂಲಾಗದಿರುವುದಕ್ಕೆ ತನ್ನ ಘೋರ ನಿರ್ಲಕ್ಷ್ಯವಾಗಲಿ ದುರ್ನಡತೆಯಾಗಲಿ ಕರ್ತವ್ಯಲೋಪವಾಗಲಿ ಕಾರಣವಲ್ಲವೆಂದು ತಾನೇ ಸಿದ್ಧಪಡಿಸಿದರೆ ಮಾತ್ರ ಬಿಡುಗಡೆ. ಜಿಎಸ್‌ಟಿ ಕಾಯಿದೆಯು ಇನ್ನೂ ಕಠಿನ: ತೆರಿಗೆಯ ಹೊಣೆಯ ಪ್ರಕರಣದಲ್ಲಿ ಎಲ್‌ಎಲ್‌ಪಿಯೂ ಫರ್ಮೇ ಎಂದು ವಿವರಣೆ ಕೊಟ್ಟು, ಪಾಲುದಾರರೆಲ್ಲರನ್ನೂ ಹೊಣೆಗೊಳಿಸುತ್ತದೆ, ನಿವೃತ್ತನಾದವನು ಒಂದು ತಿಂಗಳೊಳಗೆ ಆಯುಕ್ತರಿಗೆ ಲಿಖಿತವಾಗಿ ತಿಳಿಸದಿದ್ದರೆ, ತಿಳಿಸುವವರೆಗಿನ ತೆರಿಗೆಗೂ ಆತನು ಬದ್ಧನು. ಹೆಸರಿಗಷ್ಟೇ ಪಾಲುದಾರಳಾದ ಅತ್ತಿಗೆ, ಊರು ಬಿಟ್ಟು ಬೆಂಗಳೂರಿಗೆ ಹೋದ ತಮ್ಮ, ಇವರೆಲ್ಲ ಈ ಜಾಲದೊಳಗೇ ಇದ್ದಾರೆ.

ಇದರಿಂದ ಎಲ್‌ಎಲ್‌ಪಿಯು ನಿಷ್ಪ್ರಯೋಜಕವೆಂಬ ನಿರ್ಣಯಕ್ಕೆ ಬರಬೇಕಾಗಿಲ್ಲ. ವ್ಯಾಪಾರದ ಸೋಲಿನಿಂದ ಮನೆಯನ್ನು ಕಾಯುವ ರಕ್ಷಣೆ ಅದರಲ್ಲಿ ನಿಜವಾಗಿಯೂ ಇದೆ. ಅದು ಕಾಯದಿರುವುದು ಅಲಕ್ಷ್ಯದಿಂದ. ನಿರ್ಲಕ್ಷ್ಯ ಮಾಡಲಿಲ್ಲವೆಂದು ತೋರಿಸಲು ಬೇಕಾದ ಸಾಧನವಾದರೋ ಪಾಲುದಾರನಿಗೆ ಅರ್ಥವಾಗುವ ಭಾಷೆಯಲ್ಲಿರುವ ಲೆಕ್ಕ. ಯಾದಗಿರಿ, ಶಹಾಪುರ, ಸುರಪುರಗಳ ಕಾಲೇಜುಗಳ ವಾಣಿಜ್ಯ ವಿಭಾಗಗಳು ಈ ದತ್ತಿಯ ಬಡ್ಡಿಯ ನೆರವಿನಿಂದ ಕನ್ನಡದಲ್ಲಿ ಒಂದು ಕಿರುಹೊತ್ತಗೆಯನ್ನು ಸಿದ್ಧಪಡಿಸಿ, ಅದರಲ್ಲಿ ಮಾದರಿ ಒಪ್ಪಂದದ ಕಲಮುಗಳನ್ನೂ, ತಿಂಗಳುವಾರಿ ಕರ್ತವ್ಯಗಳ ಪಟ್ಟಿಯನ್ನೂ ಕೊಟ್ಟು, ದರ ಬದಲಾದಂತೆ ವರ್ಷವರ್ಷವೂ ತಿದ್ದುತ್ತ ಬರಬೇಕೆಂದು ನನ್ನ ಪ್ರಾರ್ಥನೆ. ಅಲ್ಲಿಯವರೆಗೆ ನೀವೇ ಮಾಡಬಹುದಾದ ಕೆಲಸವೊಂದುಂಟು. ನಿಮ್ಮ ಒಪ್ಪಂದಪತ್ರವನ್ನು ತೆಗೆದು, ದುಡಿಯುವ ಪಾಲುದಾರನ ವೇತನದ ಕಲಮು ಇದೆಯೇ, ಅದರಲ್ಲಿ ಪ್ರಮಾಣವನ್ನು ನಮೂದಿಸಿದೆಯೇ, ಬಿಟ್ಟುಹೋದವರ ನಿವೃತ್ತಿಯ ಸೂಚನೆ ಆಯುಕ್ತರಿಗೆ ತಲುಪಿದೆಯೇ ಎಂದು ಓದಿ ನೋಡಿರಿ. ಇಲ್ಲದಿದ್ದರೆ ಮುಂದಿನ ರಿಟರ್ನಿಗೆ ಸಹಿ ಹಾಕುವ ಮುನ್ನ ಸರಿಪಡಿಸಿಕೊಳ್ಳಿರಿ.